ಕರೆಂಟ್ ಬಿಲ್ಲಿನಲ್ಲಿ ಬಚ್ಚಲುಮನೆಯ ಪಾಲು

ಕನಕಪುರ ರಸ್ತೆಯಿಂದ ಜರಗನಹಳ್ಳಿಯ ಒಳಕ್ಕೆ ತಿರುಗಿದರೆ ಸಾಲುಸಾಲಾಗಿ ಬಾಡಿಗೆ ಮನೆಗಳು. ಇಪ್ಪತ್ತು-ಮೂವತ್ತರ ನಿವೇಶನ, ಅದರ ಮೇಲೆ ಮೂರೋ ನಾಲ್ಕೋ ಅಂತಸ್ತು, ಮೆಟ್ಟಿಲ ಕೆಳಗೆ ಒಂದು ಮೀಟರ್ ಬೋರ್ಡು. ತಿಂಗಳ ಮೊದಲ ಹದಿನೈದು ದಿನಗಳ ಒಳಗೆ ಬೆಸ್ಕಾಂನ ಮೀಟರ್ ರೀಡರ್ ಬಂದು, ಕೈಯಲ್ಲಿನ ಯಂತ್ರದಿಂದ ಉದ್ದನೆಯ ಚೀಟಿ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಡಿಸೆಂಬರಿನ ಬಳಕೆಗೆ ಜನವರಿಯಲ್ಲಿ ಬರುವ ಚೀಟಿ ಇದೆಯಲ್ಲ, ಅದನ್ನು ನೋಡಿದವರ ಮಾತು ಹೆಚ್ಚುಕಡಿಮೆ ಒಂದೇ: ಏಸಿ ಇಲ್ಲ, ಹೊಸ ಸಾಮಾನು ತಂದಿಲ್ಲ, ಆದರೂ ಇಷ್ಟು ಬಿಲ್ಲು ಹೇಗೆ? ಆಮೇಲೆ ಅನುಮಾನಗಳು ಶುರುವಾಗುತ್ತವೆ. ಮೀಟರ್ ಓಡುತ್ತಿದೆ, ಫ್ರಿಡ್ಜ್ ಹಳೆಯದಾಯಿತು, ಸರ್ಕಾರ ದರ ಏರಿಸಿತು, ಕೆಳಗಿನ ಮನೆಯವರು ನಮ್ಮ ಲೈನಿನಿಂದ ಎಳೆದುಕೊಂಡಿದ್ದಾರೆ. ಇವುಗಳಲ್ಲಿ ಕೆಲವು ಕೆಲವೊಮ್ಮೆ ನಿಜವೂ ಹೌದು. ಆದರೆ ಲೆಕ್ಕ ಬಿಡಿಸಿ ನೋಡಿದಾಗ ಹೆಚ್ಚಿನ ಮನೆಗಳಲ್ಲಿ ಸಿಕ್ಕಿಬೀಳುವುದು ಬಚ್ಚಲುಮನೆಯ ಗೋಡೆಗೆ ನೇತುಹಾಕಿದ ಬಿಳಿ ಡಬ್ಬ.

ಕರೆಂಟಿನಿಂದ ಮನೆ ಬೆಚ್ಚಗಿಡುವುದು ಎಂದಾಗ ವಿದೇಶದಲ್ಲಿರುವ ನಮ್ಮವರಿಗೆ ನೆನಪಾಗುವುದು ಬೇರೆ. ಕೆನಡಾದ ಕ್ವಿಬೆಕ್‌ನಲ್ಲೋ ನಾರ್ವೆಯಲ್ಲೋ ಬಹುಪಾಲು ಮನೆಗಳ ಕೋಣೆಗಳನ್ನೇ ಕರೆಂಟು ಬೆಚ್ಚಗಿಡುತ್ತದೆ. ಗೋಡೆ, ಕಿಟಕಿ, ಛಾವಣಿಯಿಂದ ಸೋರಿಹೋಗುವ ಶಾಖವೇ ಅಲ್ಲಿನ ಬಿಲ್ಲಿನ ಮುಖ್ಯ ಬಾಬ್ತು. ಬೆಂಗಳೂರಿಗೆ ಆ ಕಷ್ಟವಿಲ್ಲ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸ್ವೆಟರು, ರಗ್ಗು, ಮಂಕಿ ಕ್ಯಾಪು ಇದ್ದರೆ ನಮ್ಮ ಚಳಿಗಾಲ ಕಳೆಯುತ್ತದೆ. ಆದರೆ ತಣ್ಣೀರು ಸ್ನಾನ ಮಾತ್ರ ನಮ್ಮಿಂದಾಗದು. ಹಾಗಾಗಿ ಇಲ್ಲಿ ಕರೆಂಟಿನ ಶಾಖ ಎಂದರೆ ಮೊದಲಿಗೆ ಸ್ನಾನದ ನೀರು, ಆಮೇಲೆ ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ. ಬಿಲ್ಲಿನ ಗುಟ್ಟು ಈ ಮೂರರಲ್ಲಿ ಇದೆ, ದೀಪ-ಫ್ಯಾನುಗಳಲ್ಲಿ ಇಲ್ಲ.

ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಬಂತು. ಅಂದಿನಿಂದ ಬಹಳ ವರ್ಷಗಳವರೆಗೆ ಮನೆಯ ಮಟ್ಟಿಗೆ ಕರೆಂಟು ಎಂದರೆ ಬೆಳಕು. ಸ್ನಾನದ ನೀರಿಗೆ ಹಂಡೆ, ಅದರ ಕೆಳಗೆ ಸೌದೆ, ತೆಂಗಿನ ಗರಿ, ಮರದ ಹೊಟ್ಟು. ಅರವತ್ತರ ದಶಕದಲ್ಲಿ ಶರಾವತಿಯ ವಿದ್ಯುತ್ತು ಹೇರಳವಾಗಿ ಬಂದ ಮೇಲೆ ಒಲೆ, ಗೀಸರ್, ಮೋಟಾರುಗಳಿಗೂ ಕರೆಂಟು ಸಿಗುವಂತಾಯಿತು. ದೀಪ-ಫ್ಯಾನಿನ ಸಂಪರ್ಕ ಬೇರೆ, ಶಾಖದ ಉಪಕರಣಗಳೂ ಸೇರಿದ ಸಂಪರ್ಕ ಬೇರೆ ಎಂಬ ಭೇದ ವಿದ್ಯುತ್ ಮಂಡಳಿಯ ಕಾಲದಲ್ಲಿ ಬಹುಕಾಲ ಇತ್ತು. ಎರಡನೆಯದನ್ನು ಎ.ಇ.ಎಚ್. ಎನ್ನುತ್ತಿದ್ದರು, ಆಲ್ ಎಲೆಕ್ಟ್ರಿಕ್ ಹೋಮ್. ಜಯನಗರದ ಹಳೆಯ ಮನೆ ಮಾರುವವರು ಜಾಹೀರಾತಿನಲ್ಲಿ ಬೋರ್‌ವೆಲ್, ಕಾರ್ ಪಾರ್ಕಿಂಗ್ ಜೊತೆ ಇದನ್ನೂ ಹೆಮ್ಮೆಯಿಂದ ಸೇರಿಸುತ್ತಿದ್ದರು. ಈಗ ಎಲ್ಲ ಮನೆಯೂ ಒಂದೇ ಗೃಹಬಳಕೆ ವರ್ಗ, ಎಲ್ಲ ಬಚ್ಚಲುಮನೆಯಲ್ಲೂ ಹದಿನೈದು ಆಂಪ್ ಪಾಯಿಂಟು. ಬದಲಾದದ್ದು ಕರೆಂಟಿನ ಮೂಲ. ನೀರಿನಿಂದ ಬರುತ್ತಿದ್ದ ವಿದ್ಯುತ್ತಿಗೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ವಿದ್ಯುತ್ತು ಸೇರಿತು, ಕಲ್ಲಿದ್ದಲಿನ ಬೆಲೆಯೂ ಬಿಲ್ಲಿಗೆ ಸೇರಿತು. ಆ ಮಾತು ಮುಂದೆ ಬರುತ್ತದೆ.

ಮೊದಲು ನೀರಿನ ಲೆಕ್ಕ. ಇದನ್ನು ಒಮ್ಮೆ ಕಲಿತರೆ ಸಾಕು, ಯಾವ ಅಂಗಡಿಯವನೂ ಯಾವ ಗೀಸರನ್ನೂ ಸುಳ್ಳು ಹೇಳಿ ಮಾರಲಾರ. ಒಂದು ಯೂನಿಟ್ ಕರೆಂಟು ಸುಮಾರು 86 ಲೀಟರ್ ನೀರನ್ನು 10 ಡಿಗ್ರಿ ಬಿಸಿ ಮಾಡುತ್ತದೆ. ಡಿಸೆಂಬರಿನ ಬೆಳಗ್ಗೆ ಟೆರೇಸಿನ ಸಿಂಟೆಕ್ಸಿನಿಂದ ಇಳಿಯುವ ನೀರು ಇಪ್ಪತ್ತು ಡಿಗ್ರಿ ಎಂದಿಟ್ಟುಕೊಳ್ಳಿ. ಮೈಗೆ ಹಿತವಾದ ಬಿಸಿ ನಲವತ್ತೆರಡು. ಇಪ್ಪತ್ತು ಲೀಟರಿನ ಒಂದು ಬಕೆಟ್ಟನ್ನು ಇಪ್ಪತ್ತೆರಡು ಡಿಗ್ರಿ ಏರಿಸಲು ಬೇಕಾದದ್ದು ಅರ್ಧ ಯೂನಿಟ್. ಹದಿನೈದು ಲೀಟರಿನ ಗೀಸರ್ ಆಗಲಿ, ಮೂರು ಲೀಟರಿನ ಇನ್‌ಸ್ಟಂಟ್ ಆಗಲಿ, ನೂರಾರು ರೂಪಾಯಿಗೆ ಸಿಗುವ ಕಾಯಿಲ್ ಆಗಲಿ, ಆ ಬಕೆಟ್ಟಿಗೆ ಅದೇ ಅರ್ಧ ಯೂನಿಟ್ ಬೇಕು. ಕರೆಂಟನ್ನು ಶಾಖವಾಗಿ ಬದಲಿಸುವುದರಲ್ಲಿ ಇವ್ಯಾವುದಕ್ಕೂ ಒಂದಕ್ಕಿಂತ ಒಂದು ಹೆಚ್ಚಿನ ಜಾಣತನವಿಲ್ಲ. ಮೂರು ಕಿಲೋವ್ಯಾಟಿನದು ಎರಡು ಕಿಲೋವ್ಯಾಟಿನದಕ್ಕಿಂತ ಜಾಸ್ತಿ ಎಳೆಯುತ್ತದೆ ಎನ್ನುವುದು ಅರ್ಧ ಸತ್ಯ. ಜಾಸ್ತಿ ಎಳೆಯುತ್ತದೆ, ಅಷ್ಟೇ ಬೇಗ ಮುಗಿಸುತ್ತದೆ.

ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಆದರೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ತಲೆಸ್ನಾನದ ದಿನಗಳು, ಪಾತ್ರೆ ತೊಳೆಯುವ ಬಿಸಿನೀರು ಎಲ್ಲ ಸೇರಿದರೆ ಎಪ್ಪತ್ತು-ಎಂಬತ್ತು. ಅದೇ ಮನೆಯವರು ಬಕೆಟ್ ಬಿಟ್ಟು ಶವರ್ ಕೆಳಗೆ ನಿಂತರೆ? ನಿಮಿಷಕ್ಕೆ ಎಂಟು ಲೀಟರ್ ಸುರಿಯುವ ಶವರಿನಲ್ಲಿ ಐದು ನಿಮಿಷವೆಂದರೆ ನಲವತ್ತು ಲೀಟರ್, ಅಂದರೆ ಎರಡು ಬಕೆಟ್, ಒಂದು ಯೂನಿಟ್. ಮನೆಗೆ ತಿಂಗಳಿಗೆ 120 ಯೂನಿಟ್ ಅದೊಂದೇ. ಇದರ ಎದುರು ಉಳಿದವನ್ನು ಇಟ್ಟು ನೋಡಿ. ದಿನಕ್ಕೆ ಎಂಟು ಗಂಟೆ ತಿರುಗುವ 75 ವ್ಯಾಟಿನ ಹಳೆಯ ಫ್ಯಾನು ತಿಂಗಳಿಗೆ ಹದಿನೆಂಟು ಯೂನಿಟ್. ಐದಾರು ಎಲ್‌ಇಡಿ ಬಲ್ಬು ಸಂಜೆ ಐದು ಗಂಟೆ ಉರಿದರೂ ಹತ್ತು ಯೂನಿಟ್ ದಾಟುವುದು ಕಷ್ಟ. ಮನೆಯಲ್ಲಿ ಹಿರಿಯರು ಕೋಣೆಯಿಂದ ಕೋಣೆಗೆ ಹೋಗಿ ದೀಪ ಆರಿಸುತ್ತಾರೆ, ಮೊಬೈಲ್ ಚಾರ್ಜರ್ ಕಿತ್ತು ಇಡುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಚಾರ್ಜರಿನಲ್ಲಿ ವರ್ಷವಿಡೀ ಉಳಿಸಿದ್ದನ್ನು ಮಗರಾಯ ಒಂದೆರಡು ಭಾನುವಾರ ಶವರ್ ಕೆಳಗೆ ಹಾಡುತ್ತಾ ನಿಂತು ಕಳೆಯಬಲ್ಲ.

ಗೀಸರನ್ನು ದಿನವಿಡೀ ಆನ್ ಇಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ಪ್ರೇಕ್ಷೆಗಳಿವೆ. ಇಪ್ಪತ್ತನಾಲ್ಕು ಗಂಟೆಯೂ ಎರಡು ಕಿಲೋವ್ಯಾಟ್ ಎಳೆಯುತ್ತದೆ ಎಂದು ಹೆದರುವವರು ಒಂದು ಕಡೆ, ಥರ್ಮೋಸ್ಟಾಟ್ ಇದೆಯಲ್ಲ ಏನೂ ಆಗದು ಎನ್ನುವವರು ಇನ್ನೊಂದು ಕಡೆ. ನಿಜವಾಗಿ ನಡೆಯುವುದು ಇಷ್ಟು: ಒಳಗಿನ ಬಿಸಿನೀರು ಡಬ್ಬದ ಗೋಡೆಯ ಮೂಲಕ ಸ್ವಲ್ಪ ಸ್ವಲ್ಪವೇ ಆರುತ್ತದೆ, ಆರಿದಷ್ಟನ್ನು ಕಾಯಿಲ್ ಮತ್ತೆ ತುಂಬುತ್ತದೆ. ಒಳ್ಳೆಯ ಸ್ಟಾರ್ ಇರುವ ಹೊಸ ಗೀಸರಿನಲ್ಲಿ ಈ ನಷ್ಟ ಕಡಿಮೆ, ಹಳೆಯದರಲ್ಲಿ ದಿನಕ್ಕೆ ಒಂದು ಯೂನಿಟ್ಟಿನವರೆಗೂ ಹೋಗಬಹುದು. ಗೀಸರಿಗೆ ಅಂಟಿಸಿರುವ ಬಿಇಇ ನಕ್ಷತ್ರಗಳು ಅಳೆಯುವುದು ಮುಖ್ಯವಾಗಿ ಈ ನಷ್ಟವನ್ನೇ. ಸ್ನಾನಕ್ಕೆ ಮುಂಚೆ ಇಪ್ಪತ್ತು ನಿಮಿಷ ಹಾಕಿ ಆರಿಸುವ ಮನೆಗೆ ಐದು ನಕ್ಷತ್ರದ ಲಾಭ ಅಷ್ಟಕ್ಕಷ್ಟೇ. ಸ್ವಿಚ್ ಮರೆಯುವ ಮನೆಗೆ ಮಾತ್ರ ಅದು ದುಡ್ಡು ಉಳಿಸುತ್ತದೆ. ಇನ್ನು ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಮೇಲೆ ಕಟ್ಟಿಕೊಂಡು ಬಿಲ್ಲು ದುಪ್ಪಟ್ಟಾಯಿತು ಎಂದು ಸರ್ವಿಸಿನವರು ಹೇಳುವುದುಂಟು. ನೀರೊಳಗೆ ಮುಳುಗಿರುವ ಕಾಯಿಲಿನ ಶಾಖ ಸುಣ್ಣ ದಾಟಿಯಾದರೂ ಕೊನೆಗೆ ನೀರಿಗೇ ಹೋಗಬೇಕು, ಬೇರೆ ದಾರಿ ಎಲ್ಲಿದೆ? ಸುಣ್ಣದಿಂದ ಆಗುವ ನಿಜವಾದ ಹಾನಿ ಬೇರೆ. ಕಾಯಿಲ್ ಅತಿಯಾಗಿ ಕಾದು ಬೇಗ ಸುಡುತ್ತದೆ, ಕವಚ ಬಿರಿದರೆ ಕರೆಂಟು ನೀರಿಗೂ ಅರ್ತಿಗೂ ಸೋರುತ್ತದೆ. ಆಗ ಕಾಡಬೇಕಾದದ್ದು ಬಿಲ್ಲಿನ ಚಿಂತೆಗಿಂತ ಜೀವದ ಚಿಂತೆ. ನಲ್ಲಿ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೂ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು.

ಸೋಲಾರ್ ಇರುವ ಮನೆಗಳಿಗೂ ಭಾರಿ ಬಿಲ್ಲು ಬರುವುದುಂಟು, ಕಾರಣ ಸರಳ. ಟೆರೇಸಿನ ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಗಳಿಗೆಂದು ಎರಡು ಮೂರು ಕಿಲೋವ್ಯಾಟಿನ ಒಂದು ಕಾಯಿಲ್ ಇರುತ್ತದೆ. ಅದರ ಸ್ವಿಚ್ ಎಲ್ಲೋ ಪ್ಯಾಸೇಜಿನ ಬೋರ್ಡಿನಲ್ಲಿ, ಹೆಸರಿಲ್ಲದೆ. ಆಷಾಢದ ಮೋಡದಲ್ಲಿ ಯಾರೋ ಒತ್ತಿದ್ದು ದೀಪಾವಳಿಯವರೆಗೂ ಹಾಗೇ ಇರುತ್ತದೆ. 200 ಲೀಟರ್ ನೀರನ್ನು ನಲವತ್ತು ಡಿಗ್ರಿ ಏರಿಸಲು ಒಂಬತ್ತು ಯೂನಿಟ್ಟಿಗೂ ಹೆಚ್ಚು ಬೇಕು. ಬೆಳಗಿನ ಸ್ನಾನಕ್ಕೆ ಖಾಲಿಯಾದ ಟ್ಯಾಂಕನ್ನು ಸೂರ್ಯ ಮೇಲೇರುವ ಮುಂಚೆಯೇ ಕಾಯಿಲ್ ಕಾಯಿಸಿಬಿಟ್ಟಿರುತ್ತದೆ; ಹತ್ತು ಗಂಟೆಗೆ ಬಿಸಿಲು ಬಂದಾಗ ಅದಕ್ಕೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಈ ಒಂದು ಸ್ವಿಚ್ಚಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸುವುದಕ್ಕಿಂತ ಅಗ್ಗದ ಉಳಿತಾಯ ನನಗೆ ಗೊತ್ತಿಲ್ಲ.

ಈಗ ಚೀಟಿಗೆ ಬರೋಣ. ಎಲ್ಲರ ಕಣ್ಣೂ ಮೊದಲು ಹೋಗುವುದು ಕೊನೆಯ ಸಾಲಿನ ಮೊತ್ತಕ್ಕೆ. ಅಲ್ಲಿಂದ ಶುರುಮಾಡಿದರೆ ಏನೂ ಅರ್ಥವಾಗುವುದಿಲ್ಲ. ಮೊದಲು ನೋಡಬೇಕಾದದ್ದು ಹಿಂದಿನ ಮಾಪನ, ಇಂದಿನ ಮಾಪನ, ಬಳಸಿದ ಯೂನಿಟ್; ಆಮೇಲೆ ಎಷ್ಟು ದಿನಗಳ ಬಿಲ್ಲು ಎಂಬುದು. ಯೂನಿಟ್ಟನ್ನು ದಿನದಿಂದ ಭಾಗಿಸಿ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಅಕ್ಟೋಬರಿನ ಜೊತೆ ಡಿಸೆಂಬರನ್ನು ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ದಿನದ ಯೂನಿಟ್ ಏರಿದ್ದರೆ ಕಾರಣ ಮನೆಯೊಳಗೆ ಅಥವಾ ವೈರಿಂಗಿನಲ್ಲಿದೆ. ಯೂನಿಟ್ ಅಷ್ಟೇ ಇದ್ದು ರೂಪಾಯಿ ಏರಿದ್ದರೆ ಕಾರಣ ದರದಲ್ಲಿದೆ, ನಿಗದಿತ ಶುಲ್ಕದಲ್ಲಿದೆ, ಬಾಕಿಯಲ್ಲಿದೆ ಅಥವಾ ಠೇವಣಿಯಲ್ಲಿದೆ. ಈ ಎರಡನ್ನು ಬೇರೆ ಮಾಡದೆ ಆಡುವ ಜಗಳಕ್ಕೆ ಕೊನೆಯಿಲ್ಲ.

ದರದ ಕಥೆ ಈಚೆಗೆ ವಿಚಿತ್ರವಾಗಿ ತಿರುಗಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, 2023ರ ಮೇ 12ರಂದು, ವಿಧಾನಸಭೆಯ ಮತ ಎಣಿಕೆಯ ಹಿಂದಿನ ದಿನ, ಸರಾಸರಿ 70 ಪೈಸೆಯ ಏರಿಕೆಗೆ ಆದೇಶ ಹೊರಡಿಸಿತು. ಜಾರಿ ಮಾತ್ರ ಏಪ್ರಿಲ್ 1ರಿಂದಲೇ. ನೂರು ಯೂನಿಟ್ಟಿನೊಳಗಿದ್ದರೆ 4.75 ರೂಪಾಯಿ, ನೂರು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ 7 ರೂಪಾಯಿ. ಹಿಂದಿನ ತಿಂಗಳ ಬಾಕಿಯೂ ಸೇರಿ ಆ ಜೂನಿನಲ್ಲಿ ಬಂದ ಬಿಲ್ಲುಗಳು ಮನೆಮನೆಯಲ್ಲೂ ರಾದ್ಧಾಂತ ಎಬ್ಬಿಸಿದವು. ಅಲ್ಲಿಂದ ಮುಂದೆ ನೂರು ದಾಟುವ ಮನೆಗಳ ಮಟ್ಟಿಗೆ ಯೂನಿಟ್ ದರ ಇಳಿಯುತ್ತಲೇ ಬಂದಿದೆ. 2024-25ರಲ್ಲಿ ಸ್ಲ್ಯಾಬ್ ತೆಗೆದು ಎಲ್ಲರಿಗೂ 5.90, 2025-26ರಲ್ಲಿ 5.80. ಹಾಗಾದರೆ ಬಿಲ್ಲು ಏಕೆ ಇಳಿದಂತೆ ಅನಿಸುವುದಿಲ್ಲ? ಏಕೆಂದರೆ ನಿಗದಿತ ಶುಲ್ಕ ಅದೇ ಹೊತ್ತಿನಲ್ಲಿ ಮೇಲೇರಿತು: ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 110 ಇದ್ದದ್ದು 120 ಆಯಿತು, ಆಮೇಲೆ 145. ಮುಂದಿನ ಎರಡು ವರ್ಷಗಳಿಗೂ ಅದು ಏರುವಂತೆಯೇ 2025ರ ಮಾರ್ಚಿನ ಆದೇಶವಿದೆ. ಮೂರು ಕಿಲೋವ್ಯಾಟ್ ಮಂಜೂರಾದ ಮನೆ ಒಂದು ಬಲ್ಬೂ ಉರಿಸದೆ ತಿಂಗಳಿಗೆ 330 ಕೊಡುತ್ತಿದ್ದುದು 435 ಆಯಿತು. ಅರವತ್ತು ಯೂನಿಟ್ ಬಳಸುವ ಒಂಟಿ ವೃದ್ಧರ ಮನೆಯಲ್ಲಿ ಕರೆಂಟಿನ ಬೆಲೆ 348 ರೂಪಾಯಿ, ಕಂಬದ ಬಾಡಿಗೆ 435! ಎಷ್ಟು ಉಳಿಸಿದರೂ ಬಿಲ್ಲು ಇಳಿಯುತ್ತಿಲ್ಲ ಎಂದು ಅಂಥವರು ಹೇಳಿದರೆ ಅದು ಗೊಣಗಾಟವಲ್ಲ. ಲೆಕ್ಕ ಅವರ ಪರವಾಗಿಯೇ ಇದೆ. ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳ ಖರ್ಚು ಬಳಕೆಯನ್ನು ಅವಲಂಬಿಸಿಲ್ಲ ಎಂಬ ಕಂಪನಿಗಳ ವಾದವೂ ಸುಳ್ಳಲ್ಲ. ಆದರೂ ಮಿತವಾಗಿ ಬಳಸುವವರಿಗೆ ದರವೇ ಬೆನ್ನು ತಿರುಗಿಸಿದಂತಾಗಿದೆ ಎಂಬುದು ನನ್ನ ಅಭಿಪ್ರಾಯ.

ಇದರ ಮೇಲೆ ಚಿಲ್ಲರೆ ಸಾಲುಗಳು. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 2025ರ ಏಪ್ರಿಲಿನಿಂದ ಯೂನಿಟ್ಟಿಗೆ 36 ಪೈಸೆ. ಕಲ್ಲಿದ್ದಲು ಮತ್ತು ವಿದ್ಯುತ್ ಖರೀದಿಯ ಬೆಲೆ ಅಂದಾಜಿಗಿಂತ ಹೆಚ್ಚು ಕಡಿಮೆಯಾದರೆ ಅದನ್ನು ಸರಿದೂಗಿಸುವ ಹೊಂದಾಣಿಕೆ ಶುಲ್ಕ. ಇದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಕೆಲವೊಮ್ಮೆ ಮೈನಸ್ ಆಗಿಯೂ ಬರುತ್ತದೆ. ವಿದ್ಯುತ್ ಬಳಕೆಯ ಮೇಲೆ ಶೇಕಡಾ 9 ತೆರಿಗೆ. ಎಲ್ಲ ಕೂಡಿಸಿದರೆ 2025-26ರಲ್ಲಿ ಹೊಂದಾಣಿಕೆ ಶುಲ್ಕ ಬಿಟ್ಟು ಒಂದು ಯೂನಿಟ್ಟಿಗೆ ಕೈಬಿಡುವ ಹಣ ಸುಮಾರು 6.68 ರೂಪಾಯಿ. ಒಂದು ಬಕೆಟ್ ಬಿಸಿನೀರಿಗೆ ಮೂರು ರೂಪಾಯಿ ಮೂವತ್ತು ಪೈಸೆಯ ಆಸುಪಾಸು. ವರ್ಷಕ್ಕೊಮ್ಮೆ ಇನ್ನೊಂದು ಆಘಾತ ಕಾದಿರುತ್ತದೆ, ಹೆಚ್ಚುವರಿ ಭದ್ರತಾ ಠೇವಣಿ. ಎರಡು ತಿಂಗಳ ಬಿಲ್ಲಿನಷ್ಟು ಹಣ ಕಂಪನಿಯ ಬಳಿ ಠೇವಣಿಯಾಗಿ ಇರಬೇಕೆಂಬ ನಿಯಮ. ಬಳಕೆ ಏರಿದ್ದರೆ ಕಡಿಮೆ ಬಿದ್ದ ಹಣ ಕೇಳುತ್ತಾರೆ. ಅದು ಖರ್ಚಲ್ಲ, ಬಡ್ಡಿಯೂ ಬಿಲ್ಲಿಗೆ ಜಮಾ ಆಗುತ್ತದೆ. ಬಾಡಿಗೆದಾರ ಕಟ್ಟಿದ ಠೇವಣಿ ಓನರ್ ಹೆಸರಿನ ಖಾತೆಯಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಮನೆ ಬಿಡುವಾಗ ಯಾರೂ ನೆನಪಿಸುವುದಿಲ್ಲ.

ಇಷ್ಟೆಲ್ಲ ಲೆಕ್ಕದ ಮೇಲೆ ಗೃಹಜ್ಯೋತಿ ಬಂದು ಕೂತಿದೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆಯಾದ ಈ ಯೋಜನೆಯನ್ನು '200 ಯೂನಿಟ್ ಫ್ರೀ' ಎಂದೇ ಎಲ್ಲರೂ ಕರೆಯುವುದು. ಮಾತು ಪೂರ್ತಿ ಸರಿಯಲ್ಲ. 2022-23ರಲ್ಲಿ ಆ ಸಂಪರ್ಕದ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 2024ರ ಆರಂಭದಲ್ಲಿ ಅದನ್ನು 10 ಯೂನಿಟ್ ಎಂದು ಬದಲಿಸಿದರು. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ರ ಮೇಲೆ ಶೇಕಡಾ 10, ಅಂದರೆ 58 ಯೂನಿಟ್. ಇಲ್ಲಿ ಬಾಡಿಗೆದಾರನಿಗೆ ಒಂದು ತಮಾಷೆ ಕಾದಿದೆ. ಸರಾಸರಿ ಅಂಟಿಕೊಂಡಿರುವುದು ಮೀಟರಿನ ಆರ್.ಆರ್. ನಂಬರಿಗೆ. ಆ ವರ್ಷ ಆ ಮನೆಯಲ್ಲಿ ಮೆಟ್ರೋ ಹಿಡಿದು ಬೆಳಗ್ಗೆ ಹೋಗಿ ರಾತ್ರಿ ಬರುವ ಒಬ್ಬ ಬ್ರಹ್ಮಚಾರಿ ಇದ್ದಿದ್ದರೆ ಈಗ ಬಂದ ಐದು ಜನರ ಸಂಸಾರಕ್ಕೂ ಅವನ ಬಕೆಟ್ಟಿನ ಲೆಕ್ಕವೇ ಗತಿ.

ಇನ್ನೂರರ ಗಡಿಯಂತೂ ಪ್ರಪಾತ. ಸರಾಸರಿ 120 ಇದ್ದ ಮನೆಗೆ 132 ಯೂನಿಟ್ ಉಚಿತ. 2025-26ರ ದರದಲ್ಲಿ ತಿಂಗಳಿಗೆ 198 ಬಳಸಿದರೆ ಹೆಚ್ಚುವರಿ 66 ಯೂನಿಟ್ಟಿನ ಬಾಬ್ತು 440 ರೂಪಾಯಿಯ ಸುತ್ತಮುತ್ತ. ಅದೇ ಮನೆ 201 ಬಳಸಿದರೆ ಆ ತಿಂಗಳ ಮಟ್ಟಿಗೆ ಯೋಜನೆಯೇ ಇಲ್ಲ: ಮೂರು ಕಿಲೋವ್ಯಾಟಿನ ನಿಗದಿತ ಶುಲ್ಕ 435, ಕರೆಂಟಿಗೆ 1,166, ಪಿಂಚಣಿ ಬಾಬ್ತು 72, ತೆರಿಗೆ 105. ಒಟ್ಟು 1,778. ಮೂರು ಯೂನಿಟ್ಟಿಗೆ, ಅಂದರೆ ಆರು ಬಕೆಟ್ ಬಿಸಿನೀರಿಗೆ, ಹೆಚ್ಚಿಗೆ ತೆತ್ತದ್ದು ಸಾವಿರದ ಮುನ್ನೂರು ಚಿಲ್ಲರೆ. ಅಕ್ಟೋಬರಿನವರೆಗೆ ನೂರೈವತ್ತರಲ್ಲಿ ನೆಮ್ಮದಿಯಾಗಿದ್ದ ಮನೆಯನ್ನು ಡಿಸೆಂಬರಿನ ಸ್ನಾನ ಈ ಗಡಿಯಿಂದಾಚೆ ತಳ್ಳುತ್ತದೆ. ಜನವರಿಯ ಗಾಬರಿಯ ಪೂರ್ತಿ ವಿವರಣೆ ಇಲ್ಲಿದೆ. ಯಾರೂ ಮೋಸ ಮಾಡಿಲ್ಲ, ಮೀಟರ್ ಓಡಿಲ್ಲ. ಐವತ್ತು ಯೂನಿಟ್ ಹೆಚ್ಚಿಗೆ ಬಿದ್ದಿದೆ ಮತ್ತು ಉಚಿತ ಹೋಗಿ ಪೂರ್ತಿ ಬಿಲ್ಲು ಬಂದಿದೆ. ತಿಂಗಳ ಇಪ್ಪತ್ತನೆಯ ದಿನ ಒಮ್ಮೆ ಮೆಟ್ಟಿಲ ಕೆಳಗೆ ಬಗ್ಗಿ ಮೀಟರ್ ನೋಡಿ ಬರುವ ಅಭ್ಯಾಸಕ್ಕೆ ಈ ಯೋಜನೆಯಲ್ಲಿ ಸಾವಿರ ರೂಪಾಯಿಯ ಬೆಲೆಯಿದೆ.

ಮೀಟರಿನ ಮೇಲೆ ಅನುಮಾನವೇ ಇದ್ದರೆ ಅದನ್ನೂ ಮನೆಯಲ್ಲೇ ಪರೀಕ್ಷಿಸಬಹುದು. ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಕೆಂಪು ಚುಕ್ಕೆ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬ ಸಂಖ್ಯೆ ಅಚ್ಚಾಗಿರುತ್ತದೆ, ಹಲವು ಮೀಟರುಗಳಲ್ಲಿ 3200. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಡ್ಜ್ ಪ್ಲಗ್ ಕಿತ್ತು, ಎರಡು ಕಿಲೋವ್ಯಾಟಿನ ಗೀಸರ್ ಒಂದನ್ನೇ ಹಾಕಿ. ಸರಿಯಾದ ಮೀಟರ್ ನಿಮಿಷಕ್ಕೆ ನೂರೇಳರ ಆಸುಪಾಸು ಮಿಣುಕಬೇಕು. ಮಿಣುಕು ಅಷ್ಟು ಬೇಗ ಬೇಗ ಬರುವಾಗ ಕಣ್ಣು ಸೋಲುತ್ತದೆ, ಮೊಬೈಲಿನಲ್ಲಿ ವಿಡಿಯೋ ಹಿಡಿದು ನಿಧಾನಿಸಿ ಎಣಿಸಿ. ವೋಲ್ಟೇಜ್ ಕಡಿಮೆಯಿದ್ದರೆ ಸ್ವಲ್ಪ ತಗ್ಗಬಹುದು. ನೂರೈವತ್ತು ಬಂದರೆ ಮಾತ್ರ ಅನುಮಾನಿಸಬೇಕು. ಆಮೇಲೆ ಗೀಸರನ್ನೂ ಆರಿಸಿ ಮೇನ್ ಮಾತ್ರ ಆನ್ ಇಡಿ. ಚುಕ್ಕೆ ಆಗಲೂ ಚುರುಕಾಗಿ ಮಿಣುಕುತ್ತಿದ್ದರೆ ನಿಮ್ಮ ಮೀಟರಿನಿಂದ ಇನ್ಯಾರಿಗೋ ಕರೆಂಟು ಹೋಗುತ್ತಿದೆ ಅಥವಾ ವೈರಿಂಗಿನಲ್ಲಿ ಸೋರಿಕೆಯಿದೆ.

ಜರಗನಹಳ್ಳಿ, ಸಾರಕ್ಕಿ, ಯಲಚೇನಹಳ್ಳಿಯಂಥ ಕಡೆ ಈ ಪರೀಕ್ಷೆಗೆ ಬೆಲೆಯಿದೆ. ಇಲ್ಲಿನ ಮನೆಗಳು ಒಂದೇ ಸಲ ಎದ್ದವಲ್ಲ. ಮೊದಲು ಕೆಳಮನೆ, ಕೆಲವು ವರ್ಷದ ಮೇಲೆ ಮೊದಲ ಮಹಡಿ, ಮೆಟ್ರೋ 2017ರಲ್ಲಿ ಯಲಚೇನಹಳ್ಳಿಗೆ ಬಂದ ಮೇಲೆ ಬಾಡಿಗೆಯ ಆಸೆಗೆ ಇನ್ನೊಂದು. ಪ್ರತಿ ಸಲವೂ ಹಳೆಯ ವೈರಿಂಗಿಗೆ ಹೊಸದರ ಗಂಟು. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರು, ಮೆಟ್ಟಿಲ ದೀಪ, ಸಿಸಿಟಿವಿ ಯಾವ ಮೀಟರಿಗೆ ಸೇರಿದೆ ಎಂಬುದು ಎಷ್ಟೋ ಸಲ ಓನರಿಗೂ ಗೊತ್ತಿರುವುದಿಲ್ಲ. ಒಂದು ಎಚ್‌ಪಿ ಮೋಟಾರು ಗಂಟೆಗೆ ಮುಕ್ಕಾಲು ಯೂನಿಟ್ಟಿಗೂ ಹೆಚ್ಚು ತಿನ್ನುತ್ತದೆ. ನಾಲ್ಕು ಮನೆಯ ನೀರು ಒಬ್ಬರ ಮೀಟರಿನಿಂದ ಏರಿದರೆ ಅವರ ಗೃಹಜ್ಯೋತಿ ಆರಿತೆಂದೇ ಲೆಕ್ಕ. "ಮೋಟಾರ್ ಹಾಕಿದಾಗ ನನ್ನ ಮೀಟರ್ ನೋಡ್ತೀನಿ ಸಾರ್" ಎಂದು ಓನರಿಗೆ ಒಮ್ಮೆ ಹೇಳಿ, ನೋಡಿ. ತಪ್ಪಿದ್ದರೆ ಲೈನ್ ಬದಲಿಸುವುದು ಎಲೆಕ್ಟ್ರಿಷಿಯನ್ನಿಗೆ ದೊಡ್ಡ ಕೆಲಸವೇನಲ್ಲ. ಮೀಟರೇ ತಪ್ಪಿದೆ ಎನಿಸಿದರೆ 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಪಡೆದು, ಉಪವಿಭಾಗದ ಕಚೇರಿಯಲ್ಲಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಬೇಕು. ಅಲ್ಲಿ ಕೇಳದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಬಾಗಿಲು ಹಾಕಿದ್ದ ತಿಂಗಳಲ್ಲಿ ಅಂದಾಜಿನ ಮೇಲೆ ಬಿಲ್ಲು ಕೊಟ್ಟು ಮರುತಿಂಗಳು ಒಟ್ಟಿಗೆ ಯೂನಿಟ್ ಬಂದಿದ್ದರೆ ಅದನ್ನೂ ತಿದ್ದಿಸಿಕೊಳ್ಳಬೇಕು.

ಪರಿಹಾರಗಳಲ್ಲಿ ಎಲ್ಲಕ್ಕೂ ಸಮಾನ ಬೆಲೆಯಿಲ್ಲ. ಗ್ಯಾಸ್ ಗೀಸರ್ ಅಗ್ಗ ಎಂಬ ನಂಬಿಕೆ ಈಗ ಅಷ್ಟು ನಿಲ್ಲುವುದಿಲ್ಲ. 2025ರಲ್ಲಿ ಎಂಟುನೂರೈವತ್ತರ ಆಸುಪಾಸಿದ್ದ ಒಂದು ಸಿಲಿಂಡರಿನಿಂದ ನೀರಿಗೆ ಸೇರುವ ಶಾಖ ಹೆಚ್ಚೆಂದರೆ 145 ಯೂನಿಟ್ ಕರೆಂಟಿನಷ್ಟು. ಯೂನಿಟ್ಟಿಗೆ ಆರು ರೂಪಾಯಿಯ ಹತ್ತಿರವೇ ಬೀಳುತ್ತದೆ. ಅದಕ್ಕಾಗಿ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಸಿಕೊಳ್ಳುವುದು ಹುಚ್ಚುತನ. ಬೆಂಗಳೂರಿನಲ್ಲಿ ಇದರಿಂದ ಜೀವ ಹೋದ ಸುದ್ದಿ ಮತ್ತೆ ಮತ್ತೆ ಓದಿದ್ದೇವೆ. ವಿದೇಶದ ಚಳಿನಾಡುಗಳಲ್ಲಿ ಹರಡುತ್ತಿರುವ ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ತುಂಬುತ್ತದೆ, ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಶಾಖ. ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದಂತಿದೆ, ಆದರೆ ಒಂದು ಬಾಡಿಗೆ ಮನೆಯ ಮಟ್ಟಿಗೆ ದುಬಾರಿ, ಹಾಸ್ಟೆಲ್, ಪಿ.ಜಿ., ಅಪಾರ್ಟ್‌ಮೆಂಟಿಗೆ ಸರಿ. ಬಾಡಿಗೆದಾರನ ಕೈಯಲ್ಲಿರುವುದು ಸಣ್ಣವು: ಶವರಿನ ಬದಲು ಬಕೆಟ್ಟು, ಥರ್ಮೋಸ್ಟಾಟನ್ನು ಐವತ್ತೈದಕ್ಕೆ ಇಳಿಸುವುದು, ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದು, ಆಗುವವರು ಸಂಜೆ ಸ್ನಾನ ಮಾಡುವುದು. ಕೊನೆಯದನ್ನು ಹಲವರು ಗಮನಿಸಿಲ್ಲ. ದಿನವಿಡೀ ಬಿಸಿಲು ಕುಡಿದ ಟೆರೇಸಿನ ಕಪ್ಪು ಟ್ಯಾಂಕಿನ ನೀರು ಸಂಜೆಗೆ ಮೂವತ್ತು ಡಿಗ್ರಿ ಮುಟ್ಟಿರಬಹುದು. ಬೆಳಗಿನ ಸ್ನಾನಕ್ಕೆ ಬೇಕಾದ ಕರೆಂಟಿನಲ್ಲಿ ಅರ್ಧವೇ ಸಾಕು.

ಆದರೆ ಮುಖ್ಯ ಉತ್ತರ ಆ ಟೆರೇಸಿನ ಮೇಲೆಯೇ ಇದೆ. 1,200 ಚದರಡಿ ಅಥವಾ ಹೆಚ್ಚಿನ ನಿವೇಶನದಲ್ಲಿ 600 ಚದರಡಿಗೆ ಮೇಲ್ಪಟ್ಟ ಹೊಸ ಮನೆ ಕಟ್ಟಿದರೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಎಂದು ಕರ್ನಾಟಕ 2007ರಲ್ಲೇ ನಿಯಮ ತಂದಿತು. ಅದಕ್ಕೂ ಮುಂಚೆಯೇ ಬೆಂಗಳೂರಿನ ಮನೆಗಳ ಮೇಲೆ ಸೋಲಾರ್ ಟ್ಯಾಂಕುಗಳು ದೇಶದ ಬೇರಾವ ನಗರಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದವು. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ರಿಯಾಯಿತಿಯೂ ಸಿಗುತ್ತಾ ಬಂದಿದೆ. ಇಪ್ಪತ್ತು-ಮೂವತ್ತರ ನಿವೇಶನ ಎಂದರೆ 600 ಚದರಡಿ. ಜರಗನಹಳ್ಳಿಯ ಒಳಬೀದಿಗಳ ಬಹುಪಾಲು ಮನೆಗಳು ಆ ನಿಯಮದ ಹೊರಗೇ ಉಳಿದವು. ಸೋಲಾರ್ ಹಾಕಿಸಿದ ಕಡೆಯೂ ಒಂದೇ ಟ್ಯಾಂಕು, ಅದರ ಪೈಪು ಓನರ್ ಇರುವ ಮಹಡಿಗೆ ಮಾತ್ರ. ಕೆಳಗಿನ ಮೂರು ಮನೆಗೆ ಗೀಸರ್ ಪಾಯಿಂಟ್. ಟೆರೇಸ್ ಒಬ್ಬರದು, ಬಿಲ್ಲು ಇನ್ನೊಬ್ಬರದು. ಹೀಗಿರುವವರೆಗೆ ಓನರಿಗೆ ಹಣ ಹಾಕುವ ಕಾರಣವಿಲ್ಲ, ಬಾಡಿಗೆದಾರನಿಗೆ ಹಾಕುವ ಅಧಿಕಾರವಿಲ್ಲ. ಇನ್ನು ಗೃಹಜ್ಯೋತಿಯ ಹಣದಲ್ಲಿ ಸರ್ಕಾರ ಪ್ರತಿ ತಿಂಗಳೂ ಈ ಗೀಸರುಗಳ ಕರೆಂಟಿಗೇ ತೆರುತ್ತಿದೆ, ಅದೂ ಇಡೀ ಊರು ಒಟ್ಟಿಗೆ ಸ್ನಾನಕ್ಕೆ ಹೋಗುವ ಬೆಳಗಿನ ಹೊತ್ತಿನಲ್ಲಿ. 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟಿನ ಸೋಲಾರ್ ವಿದ್ಯುತ್ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ, ಅದೂ ಹೋಗುವುದು ಟೆರೇಸ್ ಇರುವವರಿಗೇ. ನಾಲ್ಕು ಸಂಸಾರಕ್ಕೆ ಸೇರಿ ಒಂದು ದೊಡ್ಡ ಸೋಲಾರ್ ಟ್ಯಾಂಕು, ನಾಲ್ಕು ಮನೆಗೂ ಪೈಪು: ಉಚಿತ ಯೂನಿಟ್ಟಿನ ಹಣದ ಒಂದು ಪಾಲನ್ನು ಇದಕ್ಕೆ ಒಮ್ಮೆ ತೊಡಗಿಸುವ ಯೋಚನೆಯನ್ನು ಸರ್ಕಾರ ಮಾಡಬಹುದು.

ಅದು ಆಗುವ ತನಕ ಬಾಡಿಗೆಗೆ ಮನೆ ನೋಡುವವರಿಗೆ ಒಂದು ಮಾತು. ನೀರು ಕಾವೇರಿಯದೋ ಬೋರ್‌ವೆಲ್ಲಿನದೋ ಎಂದು ಕೇಳುವಾಗಲೇ ಇನ್ನೂ ಮೂರು ಪ್ರಶ್ನೆ ಕೇಳಿ: ಈ ಮೀಟರಿನ ಗೃಹಜ್ಯೋತಿ ಮಿತಿ ಎಷ್ಟು ಯೂನಿಟ್, ಮೋಟಾರ್ ಯಾವ ಮೀಟರಿಗೆ ಸೇರಿದೆ, ಸೋಲಾರ್ ಪೈಪು ಈ ಮನೆಗೆ ಬರುತ್ತದೆಯೇ. ಓನರ್ ಉತ್ತರ ತಡವರಿಸಿದರೆ ಅಡ್ವಾನ್ಸ್ ಕೊಡುವ ಮುಂಚೆ ಹಿಂದಿನ ಡಿಸೆಂಬರಿನ ಬಿಲ್ಲು ತೋರಿಸಲು ಹೇಳಿ.